ಪ್ಲೇಟಿನ ಕೊನೆಯ ಮಾತು

ಕೃಷ್ಣವ್ವ ತಾಯಿಯ ಕೂದಲಿನಿಂದ ಕೆಂಪು ನೂಲಿನ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಬೆರಳ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದಳು. ಎಣ್ಣೆ ಇಲ್ಲದಿದ್ದರೆ ಎಳೆ ಕೂದಲಿಗೆ ಗಂಟು ಬೀಳುತ್ತದೆ, ಜಗ್ಗಿದರೆ ನೋಯುತ್ತದೆ ಎಂದು ರಾಯವ್ವನೇ ಹೇಳಿಕೊಟ್ಟಿದ್ದಳು. ಈಗ ನೋಯುವುದಿಲ್ಲ ಎಂದು ಗೊತ್ತಿದ್ದರೂ ಕೃಷ್ಣವ್ವ ಜಗ್ಗಲಿಲ್ಲ. ತೆಗೆದ ಎಳೆಗಳನ್ನು ಎಡಗೈಯಲ್ಲಿ ಸಣ್ಣ ಉಂಡೆ ಮಾಡಿ ಹಿಡಿದಿದ್ದಳು. ನೇಕಾರರ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಕಂಡಿಕೆಗೆ ನೂಲು ಸುತ್ತಿದ ಹೆಂಗಸಿನ ತಲೆ ಅದು. ಆ ವಾರ ಮಗ್ಗದ ಮೇಲೆ ಯಾವ ಬಣ್ಣದ ಸೀರೆ ಇದೆ ಎಂಬುದು ಅವಳ ಕೂದಲು ನೋಡಿದರೆ ತಿಳಿಯುತ್ತಿತ್ತು. ಈ ವಾರ ಕೆಂಪು.

ಸುತ್ತ ಕೂತ ಹೆಂಗಸರು ಅಳು ನಿಲ್ಲಿಸಿ ಆ ಕೈಗಳನ್ನೇ ನೋಡುತ್ತಿದ್ದರು.

"ಸಾಕ ಏಳವಾ ಕೃಷ್ಣೀ. ನೀರ ಆರಾಕತ್ತಾವು," ಎಂದಳು ಶೆಟ್ಟೆವ್ವ. ಪಕ್ಕದ ಮನೆಯ ಮುದುಕಿ ಅವಳು. ಕೇರಿಯಲ್ಲಿ ಹುಟ್ಟಿದವರಿಗೂ ಸತ್ತವರಿಗೂ ಮೊದಲ ಚೆಂಬು ನೀರು ಹಾಕುವುದು ಅವಳ ಕೈಯೇ.

ರಾಯವ್ವ ನಸುಕಿನಲ್ಲಿ ತೀರಿಕೊಂಡಿದ್ದಳು. ದಮ್ಮು ಮೊದಲಿನಿಂದ ಇತ್ತು. ಹಿಂದಿನ ದಿನ ಸಂಜೆ ಶೆಡ್ಡಿನಿಂದ ನಡೆದೇ ಬಂದಿದ್ದಳು, ಅರ್ಧ ರೊಟ್ಟಿ ತಿಂದಿದ್ದಳು, ಗೋಡೆಗೆ ಒರಗಿ ಕೂತವಳು ಹಾಗೆಯೇ ಉಳಿದಳು. ಐವತ್ತೊಂದು ವರ್ಷ. ಗಂಡ ಕಾಡಪ್ಪ ಹೋಗಿ ಎಂಟು ವರ್ಷವಾಗಿತ್ತು. ಇದ್ದವಳು ಮಗಳೊಬ್ಬಳೇ, ಹತ್ತೊಂಬತ್ತರ ಕೃಷ್ಣವ್ವ.

ನೀರು ಹಾಕಿದರು. ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಬೇಕೋ ಬೇಡವೋ ಎಂದು ಇಬ್ಬರು ಹೆಂಗಸರು ಗೋಡೆಯ ಮೇಲಿನ ಬುದ್ಧನ ಪಟದ ಕಡೆ ನೋಡಿ ವಿಭೂತಿಯನ್ನು ಬದಿಗಿಟ್ಟರು. ಹೊರಗೆ ಕಟ್ಟೆಯ ಮೇಲೆ ಹೆಣವನ್ನು ಕೂರಿಸುವುದಕ್ಕೆ ಬಸಯ್ಯ ಎರಡು ಬಿದಿರು ಕಟ್ಟುತ್ತಿದ್ದ. ಓಣಿಯ ಬಾಯಲ್ಲಿ ಚಹಾದ ಹೋಟೆಲು ನಡೆಸುವವನು ಬಸಯ್ಯ. ಜಂಗಮನಾದರೂ ಕೇರಿಯ ಸಾವಿಗೆ ಬರುತ್ತಿದ್ದ. ಹೋಟೆಲಿನ ಗಿರಾಕಿಗಳೆಲ್ಲ ಇಲ್ಲಿಯವರೇ.

"ಇನ್ನ ತವರ ಸೀರಿ ಬಂದ್ರ ಎತ್ತೂದಷ್ಟ," ಎಂದಳು ಶೆಟ್ಟೆವ್ವ. ಹೆಣ್ಣು ಸತ್ತರೆ ಒಡಹುಟ್ಟಿದವನು ತವರಿನ ಸೀರೆ ತಂದು ಮೇಲೆ ಹೊದಿಸಬೇಕು. ಅದಿಲ್ಲದೆ ಹೆಣ ಹೊಸ್ತಿಲು ಬಿಡುವುದಿಲ್ಲ. "ಸೋಮಪ್ಪಗ ಸವದತ್ತಿಗೆ ಯಾರರ ಹೋಗ್ಯಾರೇನ?"

"ಹೋಗೂದ್ಯಾಕ? ಮಾಸ್ತರ ಹನ್ನೆರಡರ ಬಸ್ಸಿಗೆ ತಾನ ಬರತಾನ," ಎಂದ ಬಸಯ್ಯ. "ಇವತ್ತ ಥೇಟರಿನ್ಯಾಗ ನಾಟಕದ ದೇವಕ್ಕನ ಸತ್ಕಾರ ಐತೆಲ್ಲ. ಪೇಟಿ ಮಾಸ್ತರ ಅಂತ ಅವಗೂ ಒಂದು ಹಾರ ಐತಿ."

ಅವನು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಸಂತೆ ಬಯಲಿನ ಕಡೆಯಿಂದ ಮೈಕಿನ ಭೋಂಗಾ ಗರಗರ ಎಂದಿತು. ಆಮೇಲೆ ಸೂಜಿ ಗ್ರಾಮಫೋನ್ ಪ್ಲೇಟಿನ ಮೇಲೆ ಕೂತ ಸಪ್ಪಳ. ಆಮೇಲೆ ಹಾರ್ಮೋನಿಯಂ ಪೇಟಿ, ಅದರ ಹಿಂದೆ ಒಂದು ಹುಡುಗಿಯ ದನಿ. ಹೊಳೆಯ ದಂಡೆಯಲ್ಲಿ ಗೆಜ್ಜೆ ಕಳೆದುಕೊಂಡು ಮನೆಗೆ ಹೋಗಲಾರದೆ ನಿಂತವಳ ಹಾಡು. ರಾಮದುರ್ಗದಲ್ಲಿ ಅದನ್ನು ಕೇಳದ ಮದುವೆಯಿರಲಿಲ್ಲ.

"ಸತ್ತ ಮನಿ ಐತಿ ಅಂತ ಮೈಕಿನ ಪರಪ್ಪಗ ಯಾರರ ಹೇಳ್ರೋ," ಎಂದಳು ಶೆಟ್ಟೆವ್ವ. ಯಾರೂ ಏಳಲಿಲ್ಲ. ಹಾಡು ಕೇಳುತ್ತ ಕೂತರು. ಬೈದವಳ ಕಾಲ ಬೆರಳೂ ತಾಳಕ್ಕೆ ಅಲುಗುತ್ತಿತ್ತು.

"ಮೂವತ್ತೈದ ವರ್ಷದ ಹಿಂದಿನ ಪ್ಲೇಟ ಅಂತ. ನಿನ್ನೆ ಹಾಡಿದಂಗ ಐತಿ," ಎಂದಳು ಒಬ್ಬಳು.

ಮೂಲೆಯಲ್ಲಿದ್ದ ಪ್ರಾಯದವಳೊಬ್ಬಳು ರೂಢಿಯ ಮೇಲೆ ಅಂದುಬಿಟ್ಟಳು: "ಏ ಪ್ಲೇಟ ಕೃಷ್ಣೀ, ನಿಮ್ಮವ್ವನ ಹಾಡ ಹಚ್ಯಾರ ನೋಡ..." ಅಂದವಳೇ ನಾಲಿಗೆ ಕಚ್ಚಿಕೊಂಡಳು.

"ಇವತ್ತರ ಬಿಡ್ರೆಲೇ ಅಕೀನ್ನ," ಎಂದಳು ಶೆಟ್ಟೆವ್ವ.

ಕೃಷ್ಣವ್ವ ತಲೆ ಎತ್ತಲಿಲ್ಲ. ಒದ್ದೆ ಬಟ್ಟೆ ಹಿಂಡಿ ತಾಯಿಯ ಕೊರಳು ಒರೆಸುತ್ತಿದ್ದಳು. ಹಾಡು ಮುಗಿಯಿತು. ಆ ಕಾಲದ ಪ್ಲೇಟುಗಳಲ್ಲಿ ಹಾಡಿದವರು ಕೊನೆಗೆ ತಮ್ಮ ಹೆಸರು ಹೇಳುತ್ತಿದ್ದರು. ಭೋಂಗಾದೊಳಗಿನ ಹುಡುಗಿಯೂ ಉಸಿರು ಎಳೆದುಕೊಂಡು, ಪಾಠ ಒಪ್ಪಿಸುವಂತೆ ಹೇಳಿದಳು: "ನಾನು ಮಿಸ್ ದೇವಕ್ಕ ಕಟಕೋಳ."

ಕೃಷ್ಣವ್ವನ ಕೈ ಕೊರಳ ಮೇಲೆ ನಿಂತಿತು. ಆ ಕೊರಳು ತಣ್ಣಗಿತ್ತು.

ಮೈಕ್ ಸೆಟ್ಟಿನ ಪರಪ್ಪ ಕೆಮ್ಮಿ, ಸಂಜೆಯ ಕಾರ್ಯಕ್ರಮದ ಹಸ್ತಪತ್ರಿಕೆಯನ್ನು ಓದಿ ಮೈಕು ಪರೀಕ್ಷೆ ಮಾಡತೊಡಗಿದ. "ನವೆಂಬರ್ ಹದಿನೇಳು ನಮ್ಮ ಭಾಗದ ಸಂಗೀತಕ್ಕೆ ಶುಭದಿನ. ಹತ್ತೊಂಬತ್ತು ನೂರಾ ಮೂವತ್ತೆಂಟು, ನವೆಂಬರ್ ಹದಿನೇಳು, ಬೆಳಗಾವಿಯಲ್ಲಿ ಗೆಜ್ಜೆಯ ಹಾಡಿನ ಮುದ್ರಣ. ನಲವತ್ತೊಂದು, ನವೆಂಬರ್ ಹದಿನೇಳು, ಸವದತ್ತಿಯಲ್ಲಿ ನಾಟಕದ ನೂರನೇ ಆಟ. ಐವತ್ತು, ನವೆಂಬರ್ ಹದಿನೇಳು, ರೇಡಿಯೊದಲ್ಲಿ ಮೊದಲ ಪ್ರಸಾರ. ಅರವತ್ತಮೂರು, ನವೆಂಬರ್ ಹದಿನೇಳು, ಹಾಡಿನ ಬೆಳ್ಳಿಹಬ್ಬ, ಸಾಲಿಯ ಮಕ್ಕಳಿಗೆ ಪ್ಲೇಟು ಕೇಳಿಸಲಾಯಿತು. ಹಲೋ, ಹಲೋ."

ಆ ಪ್ಲೇಟು ಖರ್ಚಾದಂತೆ ಬೇರಾವುದೂ ಖರ್ಚಾಗಲಿಲ್ಲವೆಂದು ನಾಟಕ ಕಂಪನಿಯ ಮಾಲೀಕ ಆ ತಾರೀಖನ್ನೇ ಶುಭವೆಂದು ಹಿಡಿದಿದ್ದ. ದೊಡ್ಡದೇನಿದ್ದರೂ ಅದೇ ದಿನ ಇಟ್ಟುಕೊಳ್ಳುತ್ತಿದ್ದ. ಅವನು ಸತ್ತ ಮೇಲೂ ಅದು ನಡೆದುಬಂದಿತ್ತು.

ಅದೇ ತಾರೀಖುಗಳು ರಾಯವ್ವನಿಗೂ ಬಾಯಿಪಾಠವಿದ್ದವು. ನಲವತ್ತೊಂದರ ಆ ದಿನ ಸವದತ್ತಿಯಲ್ಲಿ ಅವಳು ಬಾವಿಯ ಹತ್ತಿರ ನಾಟಕದ ಬಟ್ಟೆ ಒಗೆಯುತ್ತ ಅದೇ ಹಾಡು ಗುನುಗುತ್ತಿದ್ದಳು. ಆಟದ ಚೀಟಿ ತೆಗೆಸಲು ನಿಂತ ಜನ ಪಾಳಿ ಬಿಟ್ಟು ಬಾವಿಯ ಕಡೆ ಬಂದರು. ಮರುದಿನ ಬೆಳಿಗ್ಗೆ ಕಂಪನಿಯವರು ಅವಳನ್ನು ಊರಿಗೆ ಕಳಿಸಿದರು. ಐವತ್ತರ ಆ ದಿನ ಬಸಯ್ಯನ ಹೋಟೆಲಿನ ಎದುರು ರಸ್ತೆಯಲ್ಲಿ, ತಲೆಯ ಮೇಲೆ ಪುಟ್ಟಿ ಹೊತ್ತುಕೊಂಡೇ ನಿಂತು ರೇಡಿಯೊದಲ್ಲಿ ತನ್ನ ದನಿ ಕೇಳಿದ್ದಳು. ಅರವತ್ತಮೂರರ ಆ ದಿನ ಮಗಳ ಸಾಲಿ ಮುಗಿದಿತ್ತು.

*

ಆಗ ಕೃಷ್ಣವ್ವ ನಾಲ್ಕನೇ ಇಯತ್ತೆ. ಸಾಲಿಯ ಮಾಸ್ತರರು ಎಲ್ಲಿಂದಲೋ ಗ್ರಾಮಫೋನು ತರಿಸಿ ಮೇಜಿನ ಮೇಲೆ ಇಟ್ಟಿದ್ದರು. ಹಾಡು ಸುರುವಾಗಿ ಎರಡನೇ ಸಾಲು ಬರುವಷ್ಟರಲ್ಲಿ ಕೃಷ್ಣವ್ವ ಎದ್ದು ನಿಂತಳು. ಎಂದೂ ಬಾಯಿ ಬಿಡದ ಹುಡುಗಿ. "ಸರ್, ಇದು ನಮ್ಮವ್ವ," ಎಂದಳು.

ಅವಳಿಗೆ ಯಾರೂ ಹೇಳಿರಲಿಲ್ಲ. ಜ್ವರ ಬಂದಾಗ ತಾಯಿ ಅವಳ ಬೆನ್ನು ತಟ್ಟುತ್ತ ಗುನುಗುವುದನ್ನು ಕೇಳಿದ್ದಳು, ಅಷ್ಟೇ. ಮಕ್ಕಳು ನಕ್ಕರು. ಪ್ಲೇಟು ಮುಗಿದು ಕೊನೆಗೆ ಹೆಸರು ಬಂದಾಗ ಇನ್ನೂ ಜೋರಾಗಿ ನಕ್ಕರು. "ಪ್ಲೇಟ ತಾನ ಹೇಳಾಕತ್ತೈತಿ, ಕೇಳಿಲ್ಲೇನ?" ಎಂದು ಮಾಸ್ತರರು ಅಂಗೈ ಮೇಲೆ ಎರಡು ಏಟು ಕೊಟ್ಟರು. ಆದರೂ ಅವಳು ಮಾತು ಬದಲಿಸಲಿಲ್ಲ. ಕೊನೆಗೆ ಶೆಡ್ಡಿಗೆ ಹೇಳಿಕಳಿಸಿ ರಾಯವ್ವನನ್ನು ಕರೆಸಿದರು.

ರಾಯವ್ವ ಸಾಲಿಯ ಬಾಗಿಲ ಹೊರಗೆ ನಿಂತಳು. ತಲೆಯ ಮೇಲೆ ಹಸಿರು ಎಳೆಗಳಿದ್ದವು.

"ಈ ಹಾಡ ನೀ ಹಾಡೀಯಂತ, ಹೌದೇನ?" ಎಂದು ಮಾಸ್ತರರು ನಗುತ್ತ ಕೇಳಿದರು.

ರಾಯವ್ವ ಮಗಳ ಕೆಂಪು ಅಂಗೈ ನೋಡಿದಳು. "ಇಲ್ಲರೀ ಸಾಹೇಬ್ರ," ಎಂದಳು. "ಹುಡುಗಿ ಸುಳ್ಳ ಹೇಳೈತಿ."

ಕೃಷ್ಣವ್ವ ಮರುದಿನ ಸಾಲಿಗೆ ಹೋಗಲಿಲ್ಲ. ರಾಯವ್ವ ಹೋಗು ಅನ್ನಲೂ ಇಲ್ಲ. ಪ್ಲೇಟ ಕೃಷ್ಣಿ ಎಂಬ ಹೆಸರು ಮಾತ್ರ ಊರಲ್ಲಿ ಉಳಿಯಿತು. ಅವಳು ಏನೇ ಹೇಳಿದರೂ, ಎಣ್ಣೆ ತುಟ್ಟಿಯಾಗಿದೆ ಎಂದರೂ, ಬಸ್ಸು ತಡ ಇದೆ ಎಂದರೂ, ಕೇಳಿದವರು ಒಮ್ಮೆ ನಕ್ಕೇ ನಂಬುತ್ತಿದ್ದರು. ಅವಳು ಮಾತು ಕಡಿಮೆ ಮಾಡಿದಳು.

ಎಂಟು ದಿನ ಬಿಟ್ಟು, ಮನೆಯಲ್ಲಿ ನೂಲಿನ ಲಡಿ ಬಿಡಿಸುತ್ತ ಕೂತಾಗ, ರಾಯವ್ವ ತಾನಾಗಿ ಹೇಳಿದ್ದಳು.

ಬೆಳಗಾವಿಯ ಒಂದು ಬಂಗಲೆಗೆ ಪ್ಲೇಟಿನ ಕಂಪನಿಯವರು ಯಂತ್ರ ತಂದಿದ್ದರು. ಒಂದೇ ದಿನ ಇರುವವರಿದ್ದರು. ಗೋಡೆಗೆ ದನಿ ಬಡಿದು ತಿರುಗಿ ಬರಬಾರದೆಂದು ಸುತ್ತ ಹಳೆಬಟ್ಟೆ ಹೊಲಿದ ದಪ್ಪ ಕೌದಿ ಇಳಿಬಿಡಬೇಕಿತ್ತು. ನಾಟಕ ಕಂಪನಿಯ ಹದಿನೆಂಟು ಕೌದಿಗಳನ್ನು ಹೊತ್ತುಕೊಂಡು ಹೋದವಳು ರಾಯವ್ವ, ಹದಿನಾರು ವರ್ಷದವಳು. ಅಣ್ಣ ಸೋಮಪ್ಪ ಅದೇ ಕಂಪನಿಯಲ್ಲಿ ಪೇಟಿ ಬಾರಿಸುತ್ತಿದ್ದ. ಹಾಡಬೇಕಾದ ದೇವಕ್ಕ ಮಾಲೀಕನ ಎರಡನೇ ಹೆಂಡತಿ. ಅವಳಿಗೆ ಆ ದಿನ ಗಂಟಲು ಬಾತು ದನಿಯೇ ಹೊರಡಲಿಲ್ಲ. ಮಧ್ಯಾಹ್ನದವರೆಗೆ ಕಷಾಯ ಕುಡಿಸಿ ನೋಡಿದರು. ಯಂತ್ರದ ಸಾಹೇಬ ಗಡಿಯಾರ ನೋಡತೊಡಗಿದ. ಆಗ ಸೋಮಪ್ಪ, "ನಮ್ಮ ರಾಯಿಗೆ ಬರತೈತಿ," ಎಂದ.

ರಾಯವ್ವ ಕೌದಿಗಳ ನಡುವೆ ನಿಂತು ಹಾಡಿದಳು. ಹೆದರಿಕೆಗೆ ಜಲ್ದಿ ಹಾಡಿದಳು. ಹಾಡು ಮುಗಿದರೂ ಮೇಣದ ತಟ್ಟೆ ಇನ್ನೂ ತಿರುಗುತ್ತಿತ್ತು. ಹೆಸರು ಹೇಳು ಎಂದು ಸಾಹೇಬ ಕೈಸನ್ನೆ ಮಾಡಿದ. ಅವಳು ಅಣ್ಣನ ಮುಖ ನೋಡಿದಳು. ಸೋಮಪ್ಪ ಪೇಟಿಯ ಮೇಲಿನ ಬೆರಳು ತೆಗೆಯದೆ, ಕುರ್ಚಿಯಲ್ಲಿ ಕೂತ ದೇವಕ್ಕನ ಕಡೆ ಗದ್ದ ತೋರಿಸಿದ.

"ಪ್ಲೇಟಿನ ಮ್ಯಾಲಿನ ಚೀಟ್ಯಾಗ ಬರದಿದ್ರ ಅದು ಅವರು ಬರದದ್ದು ಅನಬೌದಿತ್ತು," ಎಂದಳು ರಾಯವ್ವ ಲಡಿಯಿಂದ ಕಣ್ಣೆತ್ತದೆ. "ನನ್ನ ಬಾಯಿಲೇ ಹೇಳಿಸಿದ ನೋಡು. ಇನ್ನ ನಾ ಅಲ್ಲ ಅಂದ್ರ ಯಾರ ಕೇಳತಾರ?"

"ಸಾಲ್ಯಾಗ ಯಾಕ ಇಲ್ಲ ಅಂದಿ?" ಎಂದು ಕೇಳಿದ್ದಳು ಕೃಷ್ಣವ್ವ.

"ನಿಮ್ಮ ಮಾಮಾ ಇನ್ನೂ ಆ ಕಂಪನ್ಯಾಗ ಅದಾನ. ಖರೇ ಅಂದ್ರ ಅವನ ಅನ್ನಾ ಹೋಗತೈತಿ." ಲಡಿಯ ಒಂದು ಗಂಟು ಬಿಡಿಸಿ ಅಂದಿದ್ದಳು, "ಸಾಯೂದ್ರಾಗ ನಾಕ ಮಂದಿ ಮುಂದ ಖರೇ ಹೇಳತೇನಿ. ನಿನ್ನ ಸುಳ್ಳಿ ಮಾಡಿಟ್ಟ ಹೋಗೂದಿಲ್ಲ."

*

ಹನ್ನೆರಡಾಯಿತು. ಒಂದಾಯಿತು. ರಾಯವ್ವ ಕಟ್ಟೆಯ ಮೇಲೆ ಬಿದಿರಿಗೆ ಒರಗಿ ಕೂತಿದ್ದಳು. ಶೆಡ್ಡಿನ ಹೆಂಗಸರು ಊಟದ ಬಿಡುವಿನಲ್ಲಿ ಬಂದು ಪಾದ ಮುಟ್ಟಿ ಹೋದರು. ಬಿಸಿಲು ಕಟ್ಟೆಯ ಅಂಚಿಗೆ ಬಂದಾಗ ಶೆಟ್ಟೆವ್ವ ಒಂದು ಹಳೆಯ ಕೌದಿಯನ್ನು ಮೇಲೆ ಕಟ್ಟಿಸಿ ನೆರಳು ಮಾಡಿದಳು.

ಬಸಯ್ಯ ಹೋಟೆಲಿನಿಂದ ತಿರುಗಿ ಬಂದ. "ಮಾಸ್ತರ ಬಸ್ಸಿಳದ ನೆಟ್ಟಗ ಥೇಟರಿಗೆ ಹೋಗ್ಯಾನ. ನಾ ಬೆನ್ನ ಹತ್ತಿ ಹೋಗಿ ಹೇಳಿದೆ. 'ಹೌದಾ?' ಅಂದ. ಅಲ್ಲೇ ಕಂಬಕ್ಕ ಆತ ನಿಂತ. ಆಮ್ಯಾಲ, 'ನಡಿ, ಬರತೇನಿ' ಅಂದ."

"ಯಾವಾಗ ಅಂದದ್ದು?"

"ತಾಸ ಆತ."

"ತಂಗಿ ಸತ್ತ ಕುಂತಾಳ, ಅಂವ ಹಾರಕ್ಕ ಕೊಳ್ಳ ಅಳತಿ ಕೊಡಾಕತ್ಯಾನೇನು," ಎಂದಳು ಶೆಟ್ಟೆವ್ವ. ಒಬ್ಬಿಬ್ಬರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. "ಹೋಗ್ರಿ ಯಾರರ, ರಟ್ಟಿ ಹಿಡದ ಕರಕೊಂಡ ಬರ್ರಿ. ಮುಂಜಾನಿ ಸತ್ತ ಹೆಣ ಇದು."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಥೇಟರಿನಲ್ಲಿ ದೊಡ್ಡ ಮಂದಿ ಇರುತ್ತಾರೆ ಎಂದ ಒಬ್ಬ. ಕೃಷ್ಣವ್ವ ಎದ್ದಳು. ಎಡಗೈಯ ನೂಲಿನ ಉಂಡೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ನೀ ಎಲ್ಲಿ ಹೋಗ್ತೀಯವಾ? ಹೆಣ ಬಿಟ್ಟ ಮಗಳ ಏಳಬಾರದು."

"ಬಂದೆ," ಎಂದಳು ಕೃಷ್ಣವ್ವ.

ದಾರಿಯುದ್ದಕ್ಕೂ ಅವಳ ಸಿಟ್ಟು ದೇವಕ್ಕನ ಮೇಲಿತ್ತು. ಹೋದ ತಿಂಗಳು ಸತ್ಕಾರದ ಸುದ್ದಿ ಬಂದಾಗ ರಾಯವ್ವ ಅಣ್ಣನನ್ನು ಕರೆಸಿಕೊಂಡಿದ್ದಳು. ರಾಜ್ಯಕ್ಕೆ ಹೊಸ ಹೆಸರು ಇಡುತ್ತಾರೆಂದು ಊರೆಲ್ಲ ಅದೇ ಮಾತಿತ್ತು. "ರಾಜ್ಯಕ್ಕ ಹೆಸರ ಬದಲಿ ಮಾಡಾಕ ಬರತೈತಿ, ಒಂದ ಪ್ಲೇಟಿಗೆ ಬರೂದಿಲ್ಲೇನ ಅಣ್ಣಾ?" ಎಂದು ನಕ್ಕಿದ್ದಳು. ಆಮೇಲೆ ನಗು ಬಿಟ್ಟು ಹೇಳಿದ್ದಳು: "ಸ್ಟೇಜ್ ಬ್ಯಾಡ, ಹಾರ ಬ್ಯಾಡ. ದೇವಕ್ಕ ನಮ್ಮ ಮನಿ ಕಟ್ಟಿಗೆ ಬಂದು ನಾಕ ಮಂದಿ ಮುಂದ ಒಂದ ಮಾತ ಅಂದ್ರ ಸಾಕು. ನನ್ನ ಸಲುವಾಗಿ ಅಲ್ಲ, ಈ ಹುಡುಗಿ ಸಲುವಾಗಿ."

ಸೋಮಪ್ಪ ಹೋಗಿ, ಎಂಟು ದಿನಕ್ಕೆ ತಿರುಗಿ ಬಂದು ಉತ್ತರ ಹೇಳಿದ್ದ. "ಕೇಳಿದೆ ರಾಯೀ. 'ಯಾವ ರಾಯಿ?' ಅಂದ್ಲು."

ರಾಯವ್ವ ಆ ದಿನ ಕಂಡಿಕೆ ಸುತ್ತುವಾಗ ಮೂರು ಸಲ ಎಳೆ ಹರಿದಿದ್ದಳು.

*

ಥೇಟರಿನ ಬಾಗಿಲಿಗೆ ಬಾಳೆಕಂಬ ಕಟ್ಟಿದ್ದರು. ಒಳಗೆ ಸ್ಟೇಜಿನ ಹಿಂದಿನ ಬಟ್ಟೆಯ ಮೇಲೆ ದೊಡ್ಡ ಅಕ್ಷರ. ಕೃಷ್ಣವ್ವ ನಾಲ್ಕನೇ ಇಯತ್ತೆಯ ಓದಿನಲ್ಲಿ ನಿಧಾನವಾಗಿ ಕೂಡಿಸಿ ಓದಿದಳು. ಗೆಜ್ಜೆಯ ಹಾಡಿಗೆ ಮೂವತ್ತೈದು. ಕಂಠ: ದೇವಕ್ಕ ಕಟಕೋಳ. ರಾಗ ಸಂಯೋಜನೆ: ಸೋಮಪ್ಪ ಮಾಸ್ತರ.

ರಾಗದ ಸಂಗತಿ ಅವಳಿಗೆ ಹೊಸದು. ಅದು ಅಜ್ಜಿ ಜೋಳ ಬೀಸುವಾಗ ಹಾಡುತ್ತಿದ್ದ ಪದದ ಧಾಟಿ ಎಂದು ಅವ್ವ ಹೇಳಿದ್ದಳು.

ಸೋಮಪ್ಪ ಸ್ಟೇಜಿನ ಕೆಳಗೆ ಪೇಟಿಯ ಮುಂದೆ ಕೂತಿದ್ದ. ಇಸ್ತ್ರಿ ಮಾಡಿದ ಕಪ್ಪು ಕೋಟು, ಜರದ ರುಮಾಲು. ಪಕ್ಕದ ಕುರ್ಚಿಯಲ್ಲಿ ಒಬ್ಬ ದಪ್ಪ ಮುದುಕಿ ಕಾಲು ಚಾಚಿ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಕೃಷ್ಣವ್ವನನ್ನು ನೋಡಿ ಸೋಮಪ್ಪ ಗಡಬಡಿಸಿ ಎದ್ದ.

"ನೀ ಯಾಕ ಬಂದಿ? ಬರತೇನಿ ಅಂದಿದ್ನೆಲ್ಲ. ನಡಿ ಹೊರಗ."

"ಯಾರ ಅದು ಸೋಮಪ್ಪಾ?" ಎಂದಳು ಮುದುಕಿ. ಒಡೆದ, ಒರಟು ದನಿ. ಪ್ಲೇಟಿನ ದನಿಗೂ ಅದಕ್ಕೂ ಸಂಬಂಧವಿರಲಿಲ್ಲ. ಪ್ಲೇಟಿನಲ್ಲಿ ಎಲ್ಲರ ದನಿಯೂ ಬೇರೆ ಕೇಳಿಸುತ್ತದೆ ಎಂದು ಜನ ಇಷ್ಟು ವರ್ಷ ತಮಗೆ ತಾವೇ ಹೇಳಿಕೊಂಡಿದ್ದರು.

"ನಮ್ಮ ಕೇರಿ ಹುಡುಗಿರೀ ಅವ್ವಾರ. ಮನ್ಯಾಗ ಸ್ವಲ್ಪ ಕೆಲಸ..."

"ನಾ ರಾಯವ್ವನ ಮಗಳರೀ," ಎಂದಳು ಕೃಷ್ಣವ್ವ. ತನ್ನ ದನಿ ಆ ಖಾಲಿ ಥೇಟರಿನಲ್ಲಿ ಇಷ್ಟು ಕೇಳಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಮುದುಕಿಯ ಕೈ ಮೊಣಕಾಲ ಮೇಲೆ ನಿಂತಿತು. "ಯಾವ ರಾಯವ್ವ?"

ಅದೇ ಮಾತು. ಕೃಷ್ಣವ್ವ ಒಂದು ಹೆಜ್ಜೆ ಮುಂದೆ ಬಂದಳು. "ಕೌದಿ ಹೊತ್ತಾಕಿ," ಎಂದಳು.

ದೇವಕ್ಕ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದಳು. ಹುಡುಗಿಯ ಮುಖವನ್ನು, ಮೂಗನ್ನು, ಕೊರಳನ್ನು ಬಹಳ ಹೊತ್ತು ನೋಡಿದಳು. "ಹೌದು. ಅಕೀನ ಹಣೆ," ಎಂದಳು. "ನೀ ಭಾಳ ಸಣ್ಣಾಕಿ ಇದ್ದಿಯೇನ, ನಿಮ್ಮವ್ವ ಹೋದಾಗ?"

"ಇವತ್ತ ಮುಂಜಾನಿ ಹೋಗ್ಯಾಳರೀ," ಎಂದಳು ಕೃಷ್ಣವ್ವ. "ಮಾಮಾ ಸೀರಿ ತರಬೇಕು. ಹೆಣಾ ಕುಂತೈತಿ."

ಸ್ಟೇಜಿನ ಮೇಲೆ ಪರಪ್ಪ ತಂತಿ ಸುತ್ತುವುದನ್ನು ನಿಲ್ಲಿಸಿದ. ದೇವಕ್ಕ ಸೋಮಪ್ಪನ ಕಡೆ ತಿರುಗಿದಳು. ಜೋರು ಮಾಡಲಿಲ್ಲ.

"ಹತ್ತ ವರ್ಷದ ಹಿಂದ ಸತ್ಲು ಅಂದಿದ್ದಿ."

ಸೋಮಪ್ಪ ರುಮಾಲು ಸರಿ ಮಾಡಿಕೊಂಡ.

"ಬೆಳ್ಳಿಹಬ್ಬದ ವರ್ಷ ನಾ ಕೇಳಿದೆ. ಕರಕೊಂಡ ಬಾ, ಎಲ್ಲಾರ ಮುಂದ ಹೇಳೇಬಿಡೂನು, ನನಗ ಇನ್ನ ಹೊರಾಕ ಆಗೂದಿಲ್ಲ ಅಂದೆ. ದಮ್ಮಿನಿಂದ ಸತ್ಲು, ಮಣ್ಣ ಕೊಟ್ಟ ಬಂದೆ ಅಂತ ನನ್ನ ಮುಂದ ಕಣ್ಣೀರ ಹಾಕಿದಿ. ಹತ್ತ ವರ್ಷಾತು, ಈ ತಾರೀಖಿಗೆ ನಾ ಅಕಿ ಹೆಸರಿಲೆ ಎಡಿ ಇಡತೇನಿ. ಇವತ್ತ ಮುಂಜಾನಿನೂ ಇಟ್ಟ ಬಂದೇನಿ."

ಕೃಷ್ಣವ್ವ ಕಂಬದ ಹತ್ತಿರ ಸರಿದು ನಿಂತಳು. ಬೆಳಿಗ್ಗೆಯಿಂದ ಬಾರದ ಅಳು ಈಗಲೂ ಬರಲಿಲ್ಲ. ಹತ್ತು ವರ್ಷ ಅವ್ವ ಶೆಡ್ಡಿಗೆ ನಡೆದದ್ದು, ರೊಟ್ಟಿ ಬಡಿದದ್ದು, ಕೆಮ್ಮಿದ್ದು, ಮಗಳ ಜಡೆ ಹಾಕಿದ್ದು ಎಲ್ಲ ಕಣ್ಣ ಮುಂದೆ ಬಂತು. ಅಷ್ಟೂ ದಿನ ದೇವಕ್ಕನ ಊರು ಕಟಕೋಳದಲ್ಲಿ ಅವಳು ಸತ್ತವಳಾಗಿದ್ದಳು. ಸಾಯಿಸಿದವನು ಹಬ್ಬಕ್ಕೆ ಮನೆಗೆ ಬಂದು ಅವಳ ಕೈಯಿಂದಲೇ ಹೋಳಿಗೆ ತಿಂದು ಹೋಗುತ್ತಿದ್ದ.

"ಮತ್ತ ಹೋದ ತಿಂಗಳ ನೀವು 'ಯಾವ ರಾಯಿ' ಅಂದ್ರಂತ," ಎಂದಳು.

"ಹೋದ ತಿಂಗಳ ನನ್ನ ಹಂತ್ಯಾಕ ಯಾರೂ ಬಂದಿಲ್ಲವಾ," ಎಂದಳು ದೇವಕ್ಕ.

ಅಷ್ಟರಲ್ಲಿ ಸತ್ಕಾರ ಏರ್ಪಡಿಸಿದ ಸಂಘದ ಇಬ್ಬರು ಹಾರದ ಬುಟ್ಟಿ ಹಿಡಿದು ಒಳಗೆ ಬಂದರು. ಐದಕ್ಕೆ ಸಾಹೇಬರು ಬರುತ್ತಾರೆ, ಅವ್ವಾರು ಸೀರೆ ಬದಲಿಸಿದರೆ ಒಳ್ಳೆಯದು ಎಂದರು. ದೇವಕ್ಕ ಅವರನ್ನೂ ಹುಡುಗಿಯನ್ನೂ ನೋಡಿದಳು. ತನ್ನ ಟ್ರಂಕು ತರಿಸಿದಳು. ಮೇಲಿದ್ದ ಸೀರೆಯನ್ನು ತೆಗೆದಳು. ಕೆಂಪು ಸೆರಗಿನ, ಮಡಿಕೆ ಮುರಿಯದ ಇಳಕಲ್ಲ ಸೀರೆ. ಅದನ್ನು ಸೋಮಪ್ಪನ ಕೈಗೆ ಕೊಟ್ಟಳು.

"ತಗೊಂಡ ಹೋಗಿ ಹೊದಸು," ಎಂದಳು. ಕೃಷ್ಣವ್ವನಿಗೆ, "ನಾನೂ ಬರತೇನಿ ನಡಿ. ಮಣ್ಣಿನ ಹೊತ್ತಿಗೆ ಬರತೇನಿ," ಎಂದಳು.

ಸೋಮಪ್ಪ ಸೀರೆ ಹಿಡಿದು ಸಂತೆ ಬಯಲು ದಾಟಿದ. ಆಮೇಲೆ, ಹಿಂದೆ ನಡೆಯುತ್ತಿದ್ದ ಸೋದರ ಸೊಸೆಗೆ ಕೇಳುವಷ್ಟೇ ದನಿಯಲ್ಲಿ ಅಂದ:

"ನಿನಗ ತಿಳಿಯೂದಿಲ್ಲ ಕೃಷ್ಣೀ. ಅಕಿ ಹೇಳಿದ್ಲು ಅಂದ್ರ ಎಲ್ಲಾ ಬಿಚ್ಚತಿತ್ತು. ರಾಗ ಯಾರದು, ಹಾಡಿದ್ದ ಯಾರು. ನಾ ಮೂವತ್ತೈದ ವರ್ಷ ಮಾಸ್ತರ ಅನ್ನಿಸಿಕೊಂಡೇನಿ. ನಮ್ಮ ಕೇರ್ಯಾಗ ಹುಟ್ಟಿದವಗ ಕುರ್ಚಿ ಹಾಕಿ ಕೂಡ್ರಸ್ತಾರ. ಆ ಒಂದ ಹಾಡಿಗೆ."

ಕೃಷ್ಣವ್ವ ಅವನ ಕೈಯಲ್ಲಿದ್ದ ಸೀರೆಯನ್ನು ನೋಡುತ್ತ ನಡೆದಳು.

"ರಾಯಿಗೆ ಏನ ಕಡಿಮಿ ಆಗಿತ್ತ ಹೇಳು," ಎಂದ ಸೋಮಪ್ಪ. "ಅಕಿ ಎಂದರ ಅತ್ತಿದ್ದ ನೋಡಿಯೇನ?"

*

ಸೋಮಪ್ಪ ಕಟ್ಟೆಯ ಮುಂದೆ ರುಮಾಲು ತೆಗೆದು ಜೋರಾಗಿ ಅತ್ತ. ಹೆಂಗಸರೂ ಅತ್ತರು. ಅವನು ಸೀರೆಯ ಮಡಿಕೆ ಬಿಚ್ಚಿ ತಂಗಿಯ ಹೆಗಲ ಮೇಲಿಂದ ಹೊದಿಸಿದ. ಟ್ರಂಕಿನೊಳಗಿನ ಅತ್ತರಿನ ವಾಸನೆ ಕಟ್ಟೆಯ ತುಂಬ ಹರಡಿತು.

ಶೆಟ್ಟೆವ್ವ ಸೆರಗಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ತಡಾ ಮಾಡಿದ್ರೂ ತವರ ಸೀರಿ ಭಾರಿ ತಂದಿ ನೋಡ ಸೋಮಪ್ಪಾ. ಇಂಥಾ ಸೀರಿ ಈ ಕೇರ್ಯಾಗ ಯಾರಿಗೂ ಬಿದ್ದಿಲ್ಲ. ನಮ್ಮ ರಾಯಿ ಪುಣ್ಯಾ ಮಾಡಿದ್ಲು."

ಸೋಮಪ್ಪ ಕಣ್ಣೊರೆಸಿಕೊಂಡ. "ಇದ್ದಾಕಿ ಒಬ್ಬಾಕಿ ತಂಗಿ," ಎಂದ.

ಕೃಷ್ಣವ್ವ ಬಾಯಿ ತೆರೆದಳು. ಹತ್ತಿರ ಕೂತವರು ಅವಳ ಕಡೆ ತಿರುಗಿದರು. ಪ್ಲೇಟ ಕೃಷ್ಣಿ ಏನೋ ಹೇಳುತ್ತಾಳೆ ಎನ್ನುವಾಗಿನ ಹಳೆಯ ನಗು ಆ ಮುಖಗಳಲ್ಲಿ ಸಾವಿನ ಮನೆಯಲ್ಲೂ ಸಣ್ಣಗೆ ಎದ್ದಿತು. ಅವಳು ಬಾಯಿ ಮುಚ್ಚಿದಳು.

ನಾಲ್ಕೂವರೆಗೆ ಎತ್ತಿದರು. ಹಲಗೆಯವರು ಮುಂದೆ, ಹಿಂದೆ ಇಪ್ಪತ್ತು ಮಂದಿ. ಮಲಪ್ರಭೆಯ ದಂಡೆಯ ಮಸಣಕ್ಕೆ ಹೋಗುವ ದಾರಿ ಥೇಟರಿನ ಹಿಂದಿನಿಂದ ಹಾಯುತ್ತದೆ. ಹಲಗೆಯ ಸಪ್ಪಳ ಒಳಗೆ ಕೇಳಬಾರದೆಂದು ಸಂಘದವನೊಬ್ಬ ಓಡಿ ಬಂದು ಕೈಮುಗಿದ. ಹಲಗೆಯವರು ಅಲ್ಲಿ ಬಡಿಯುವುದನ್ನು ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಸುರು ಮಾಡಿದರು. ಕೃಷ್ಣವ್ವ ಥೇಟರಿನ ಹಿಂಬಾಗಿಲ ಕಡೆ ನೋಡುತ್ತ ನಡೆದಳು. ಬಾಗಿಲು ಮುಚ್ಚಿತ್ತು.

ಕುಣಿ ತಯಾರಿತ್ತು. ಇಳಿಸುವ ಮೊದಲು ಶೆಟ್ಟೆವ್ವ ಹೇಳಿದಳೆಂದು ಸ್ವಲ್ಪ ಹೊತ್ತು ಕಾದರು. ಯಾರಿಗಾಗಿ ಕಾಯುವುದೆಂದು ಕೃಷ್ಣವ್ವನಿಗೆ ಮಾತ್ರ ಗೊತ್ತಿತ್ತು. ಅವಳೇ ಶೆಟ್ಟೆವ್ವನ ಕಿವಿಯಲ್ಲಿ, ಇನ್ನೊಬ್ಬರು ಬರುವವರಿದ್ದಾರೆ ಎಂದಿದ್ದಳು. ಹೊಳೆಯ ಆಚೆ ಬಿಸಿಲು ಕೆಂಪಗಾಯಿತು. ಸೋಮಪ್ಪ ಎರಡು ಸಲ ಊರ ಕಡೆ ತಿರುಗಿ ನೋಡಿದ.

"ಯಾರ ಬರಾವರು?" ಎಂದ ಬಸಯ್ಯ.

ಊರ ಕಡೆಯಿಂದ ಭೋಂಗಾ ಗರಗರ ಎಂದಿತು. ಚಪ್ಪಾಳೆ ಕೇಳಿಸಿತು. ಪರಪ್ಪ ತಾರೀಖುಗಳನ್ನು ಓದಿದ, ಮೂವತ್ತೆಂಟು, ನಲವತ್ತೊಂದು, ಐವತ್ತು, ಅರವತ್ತಮೂರು. ಒಂದೊಂದಕ್ಕೂ ಚಪ್ಪಾಳೆ ಬಿತ್ತು. ಆಮೇಲೆ ಯಾರೋ ಮಾತಾಡಿದರು. ಆಮೇಲೆ ಆ ಒಡೆದ ದನಿ ಬಂತು. ಕೃಷ್ಣವ್ವ ಊರ ಕಡೆ ತಿರುಗಿದಳು.

"ನನಗ ಇವತ್ತ ಒಂದ ಮಾತ ಹೇಳೂದೈತಿ," ಎಂದಿತು ದೇವಕ್ಕನ ದನಿ. ನಿಂತಿತು. ಮೈಕಿನಲ್ಲಿ ಅವಳ ಉಸಿರು ಬಹಳ ಹೊತ್ತು ಕೇಳಿಸಿತು. ಯಾರೋ ನೀರು ಕೊಟ್ಟಂತಾಯಿತು. "ಮಾತ ಬರವಲ್ಲದು. ಆ ಪ್ಲೇಟ ಹಚ್ಚ್ರಿ," ಎಂದಳು.

ಸೋಮಪ್ಪ ಹಿಡಿದಿದ್ದ ಉಸಿರನ್ನು ಬಿಟ್ಟ. ಅವನು ಬಿಟ್ಟದ್ದು ಕೃಷ್ಣವ್ವನಿಗೆ ಕೇಳಿಸಿತು.

"ಇಳಸ್ರಿ," ಎಂದ ಅವನು. "ಹೊತ್ತ ಮುಣಗತೈತಿ."

ಇಳಿಸಿದರು. ಕೆಂಪು ಸೆರಗು ಕುಣಿಯ ಅಂಚಿಗೆ ಸಿಕ್ಕಿತು, ಬಸಯ್ಯ ಬಾಗಿ ಬಿಡಿಸಿದ. ಸೋಮಪ್ಪ ಕೋಟಿನ ತೋಳು ಮೇಲೆ ಸರಿಸಿ ಮೊದಲ ಹಿಡಿ ಮಣ್ಣು ಹಾಕಿದ. ಕೃಷ್ಣವ್ವ ಸೆರಗಿನ ಗಂಟು ಬಿಚ್ಚಿ ನೂಲಿನ ಉಂಡೆಯನ್ನು ಮಣ್ಣಿನ ಜೊತೆ ಹಾಕಿದಳು. ಅದು ಹಗುರಾಗಿದ್ದುದರಿಂದ ಗಾಳಿಗೆ ಪಕ್ಕಕ್ಕೆ ಸರಿದು, ರಾಯವ್ವನ ಕೂದಲ ಮೇಲೆಯೇ ಬಿತ್ತು.

ಅಷ್ಟು ಹೊತ್ತೂ ಹಾಡು ಬರುತ್ತಿತ್ತು. ಹುಡುಗಿ ಹೊಳೆಯ ದಂಡೆಯಲ್ಲಿ ಗೆಜ್ಜೆ ಹುಡುಕುತ್ತಿದ್ದಳು. ಹಿಡಿ ಮಣ್ಣು ಹಾಕಲು ಬಂದವರು ತಾಳ ತಪ್ಪದೆ ಹಾಕುತ್ತಿದ್ದರು. ಅವರಿಗೆ ಅದು ತಿಳಿಯಲಿಲ್ಲ. ಹಾಡು ಮುಗಿಯಿತು. ಭೋಂಗಾದಲ್ಲಿ ಹದಿನಾರರ ರಾಯವ್ವ ಉಸಿರು ಎಳೆದುಕೊಂಡಳು. ಅಣ್ಣನ ಮುಖ ನೋಡುವಷ್ಟು ಹೊತ್ತು ಸುಮ್ಮನಿದ್ದಳು.

"ನಾನು ಮಿಸ್ ದೇವಕ್ಕ ಕಟಕೋಳ."

ಥೇಟರಿನಲ್ಲಿ ಚಪ್ಪಾಳೆ ಬಿತ್ತು. ಇಲ್ಲಿ ಸೋಮಪ್ಪ ಅಂಗೈಯ ಮಣ್ಣು ಜಾಡಿಸಿಕೊಂಡು ರುಮಾಲು ಇಟ್ಟುಕೊಂಡ. ಹೊರಡುವುದಕ್ಕೆ ತಿರುಗಿದ. ಕೃಷ್ಣವ್ವ ಅವನ ದಾರಿಗೆ ಬಂದು ನಿಂತಳು. ಇಪ್ಪತ್ತು ಮಂದಿಯೂ ನೋಡುತ್ತಿದ್ದರು. ಈ ಸಲ ಯಾರೂ ನಗಲಿಲ್ಲ.

"ಮಾಮಾ," ಎಂದಳು ಅವಳು. "ಆ ಹಾಡ ಹಾಡಿದ್ದ ಯಾರು, ಇವರ ಮುಂದ ಒಂದ ಸಲ ಹೇಳಿ ಹೋಗ್ರಿ."